ಕರಿ ದಾರ ಕಟ್ಟಿದ ಹೂಗಳು

ಅಂಬ್ರಪ್ಪನ ಕೈಯಲ್ಲಿದ್ದ ಪೈಪಿನ ತುಂಡು ಮೂರನೇ ಸಲ ಬಿದ್ದಾಗ ಸಾಬಣ್ಣನ ಹುಬ್ಬು ಸೀಳಿತು. ರಕ್ತ ಕಣ್ಣಿಗೆ ಇಳಿಯಿತು. ಅವನು ಗೋಡೆ ತಡವುತ್ತ ಕುಸಿದು ಕೂತ.

"ಹೇಳಲೇ, ಯಾರು ಕಳಿಸ್ಯಾರ ನಿನ್ನ?"

"ಯಾರೂ ಕಳಿಸಿಲ್ಲೋ ಯಣ್ಣಾ."

"ಮತ್ತ ಹೂವಿಗಿ ಕರಿ ದಾರ ನಿಮ್ಮಪ್ಪ ಬಂದು ಕಟ್ಟಿ ಹೋಗ್ಯಾನೇನು?"

ಅದು ಶಹಾಪುರದ ಹಳೆಯ ಹತ್ತಿ ಗೋದಾಮು. ಅಂಬ್ರಪ್ಪ ಮತ್ತು ಅವನ ಹೆಂಡತಿ ಚಂದ್ರಕಲಾ ಅದರೊಳಗೆ ಮಣ್ಣಿಲ್ಲದೆ ಪ್ಯಾಶನ್ ಫ್ರೂಟ್ ಬೆಳೆಸುತ್ತಿದ್ದರು. ನಲವತ್ತು ಬಳ್ಳಿ. ಬೇರು ಪೈಪಿನಲ್ಲಿ ಹರಿಯುವ ಗೊಬ್ಬರದ ನೀರಿನಲ್ಲಿ, ಎಲೆ ದೀಪದ ಬೆಳಕಿನಲ್ಲಿ. ಮುಚ್ಚಿದ ಗೋದಾಮಿಗೆ ದುಂಬಿ ಬರುವುದಿಲ್ಲ. ಹಾಗಾಗಿ ಮಧ್ಯಾಹ್ನ ಹೂ ಅರಳುತ್ತಲೇ ಕುಂಚ ಹಿಡಿದು ಒಂದರ ಪರಾಗದ ಪುಡಿ ಇನ್ನೊಂದಕ್ಕೆ ಹಚ್ಚಬೇಕು. ಆ ಕೆಲಸಕ್ಕೆ ಸಾಬಣ್ಣ ದಿನಾ ದೋರನಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ. ಮೂರು ತಿಂಗಳಿಂದ ಹೂವೇನೋ ರಾಶಿ ರಾಶಿ ಅರಳಿತು. ಒಂದೂ ಕಾಯಿ ಕಟ್ಟಲಿಲ್ಲ. ಮರುದಿನ ನೋಡಿದರೆ ಎಲ್ಲ ನೆಲದ ಮೇಲೆ.

ನೀರು ಬದಲಿಸಿದರು, ಗೊಬ್ಬರ ಬದಲಿಸಿದರು, ದೀಪ ಬದಲಿಸಿದರು. ಬದಲಿಸಲು ಏನೂ ಉಳಿಯದಿದ್ದಾಗ ಸಂಶಯ ಮನುಷ್ಯನ ಮೇಲೆ ಬಂತು. ಆ ದಿನ ಹಿಂದಿನ ಸಾಲಿನಲ್ಲಿ ಏಳು ಹೂಗಳ ತೊಟ್ಟಿಗೆ ಕರಿ ದಾರ ಕಂಡಿತು. ಅಂಬ್ರಪ್ಪನ ಲೆಕ್ಕದಲ್ಲಿ ಅದು ಮಾಟ, ಸಾಬಣ್ಣ ನೀರಿಗೂ ಏನೋ ಬೆರೆಸಿದ್ದಾನೆ.

ಬೋರಿನ ಸವುಳು ನೀರನ್ನು ಹದಕ್ಕೆ ತರಲು ಹನಿ ಹನಿಯಾಗಿ ಬಿಡುವ ಆಸಿಡಿನ ಬಾಟಲಿ ತೊಟ್ಟಿಯ ಕಟ್ಟೆಯ ಮೇಲಿತ್ತು. ಅಂಬ್ರಪ್ಪ ಅದರ ಮುಚ್ಚಳ ತಿರುವಿದ.

"ನೀರಿಗಿ ಏನ್ ಹಾಕೀದಿ ಹೇಳು. ಇಲ್ಲಂದ್ರ ಇದನ್ನ ಕುಡಿ."

"ನೀರು ಮುಟ್ಟಿಲ್ಲೋ ಯಣ್ಣಾ. ನಮ್ಮೂರಾಗ ಬೀಜದಿಂದ ಬೆಳದ ಇದ ಹಣ್ಣಿನ ಬಳ್ಳಿ ಒಂದು ಅದ. ಅದರ ಹೂವ ಡಬ್ಬ್ಯಾಗ ತಂದು, ಪುಡಿ ಇವಕ್ಕ ಹಚ್ಚೀನಿ. ಗುರ್ತಿಗಿ ದಾರ ಕಟ್ಟೀನಿ."

"ಹೊರಗಿಂದು ಒಳಗ ತರಬ್ಯಾಡ, ರೋಗ ಬರ್ತದ ಅಂತ ಹೇಳಿದ್ನಿಲ್ಲೋ?"

"ಹೇಳಿದ್ದಿ. ಅದಕ್ಕ ನಿನಗ ಹೇಳ್ದೆ ತಂದೆ." ಸಾಬಣ್ಣ ಬಾಯಿಗೆ ಬಂದ ರಕ್ತ ಉಗುಳಿದ. "ಈ ನಲ್ವತ್ತೂ ಒಂದ ಬಳ್ಳಿ ಕಡ್ಡಿ, ಒಂದರ ಪುಡಿ ಒಂದಕ್ಕ ಹಿಡಿಯಂಗಿಲ್ಲ. ಒಂದ ಬೆಡಗಿನವ್ರು ಅಣ್ಣತಮ್ಮರಾಗ್ತಾರ, ಅವ್ರಾಗ ಲಗ್ನ ಮಾಡ್ತಾರೇನು ನಮ್ಮಾಗ?"

"ಬಳ್ಳಿಗೂ ಬೆಡಗ ಕೇಳ್ತಾನ, ಶಾಣ್ಯಾ."

ಆ ಕಡ್ಡಿಗಳನ್ನು ತಂದವನು ಅಂಬ್ರಪ್ಪನೇ. ಮೈತುಂಬ ಕಾಯಿ ಹೊತ್ತ ಒಂದು ಬಳ್ಳಿ ನೋಡಿ, ಬೇರೆ ಯಾವುದೂ ಬೇಡವೆಂದು ನಲವತ್ತನ್ನೂ ಅದರಿಂದಲೇ ಕಡಿಸಿದ್ದ. ಆ ಬಳ್ಳಿಯ ಪಕ್ಕದ ಬೇಲಿಯಲ್ಲಿ ಬೇರೆ ತಳಿಯ ಬಳ್ಳಿಗಳಿದ್ದುದನ್ನು, ಅವುಗಳ ಪುಡಿಯಿಂದಲೇ ಅದು ಕಾಯಿ ಹೊತ್ತಿದ್ದನ್ನು ಅವನು ಗಣನೆಗೆ ತೆಗೆದುಕೊಂಡಿರಲಿಲ್ಲ. ತನ್ನ ತಪ್ಪನ್ನು ಕೂಲಿಯವನ ಬಾಯಲ್ಲಿ ಕೇಳಿದವನಿಗೆ ಒಪ್ಪುವುದಕ್ಕಿಂತ ಹೊಡೆಯುವುದು ಸುಲಭ. ಅವನು ಸಾಬಣ್ಣನನ್ನು ಕೆಡವಿ, ಎದೆಯ ಮೇಲೆ ಮೊಣಕಾಲು ಊರಿ, ದವಡೆ ಹಿಸುಕಿದ.

ಅಷ್ಟರಲ್ಲಿ ಚಂದ್ರಕಲಾ ಹಿಂದಿನ ಸಾಲಿಗೆ ಓಡಿದ್ದಳು. ಅಂಬ್ರಪ್ಪ ದಾರವನ್ನಷ್ಟೇ ನೋಡಿದ್ದ, ಅದರ ಮೇಲಿದ್ದುದನ್ನು ನೋಡಿರಲಿಲ್ಲ. ಏಳರಲ್ಲಿ ಆರಕ್ಕೆ ಬಾಡಿದ ಎಸಳಿನ ನಡುವೆ ಬೋರೆಹಣ್ಣಿನಷ್ಟು ಹಸಿರು ಕಾಯಿ ನಿಂತಿತ್ತು.

"ಕಾಯಿ ಕಟ್ಟ್ಯಾವ. ಬಿಡ್ರಿ ಅವನ್ನ. ಅಂವ ಹೇಳಿದ್ದು ಖರೇ ಅದ."

ಅಂಬ್ರಪ್ಪನಿಗೆ ಕೇಳಿಸಿತು. ತಿರುಗಿ ಹೆಂಡತಿಯ ಮುಖವನ್ನೂ ನೋಡಿದ. ನೋಡಿಯೂ ಬಾಟಲಿ ಬಗ್ಗಿಸಿದ.

ಚಂದ್ರಕಲಾ ನೆಲದ ಮೇಲಿದ್ದ ಪೈಪು ಎತ್ತಿಕೊಂಡು ಎರಡೂ ಕೈಯಿಂದ ಅವನ ಮೊಣಕೈಗೆ ಬಾರಿಸಿದಳು. ಮೂಳೆ ಲಟಕ್ ಎಂದಿತು. ಬಾಟಲಿ ಉರುಳಿ ಸಿಮೆಂಟು ನೊರೆಗಟ್ಟಿತು. ಆದರೆ ಒಂದು ಗುಟುಕು ಆಗಲೇ ಒಳಗೆ ಹೋಗಿತ್ತು. ಸಾಬಣ್ಣ ಗಂಟಲು ಹಿಡಿದುಕೊಂಡು ಹೊರಳಾಡಿದ. ತುಟಿ ಬೆಳ್ಳಗೆ ಸುಟ್ಟಿತ್ತು. ಅವಳು ಕೊಡದಲ್ಲಿದ್ದ ನೀರಿನಿಂದ ಅವನ ಬಾಯಿ, ಗದ್ದ ತೊಳೆದಳು. ಈಗ ಹೆದರಿದ ಅಂಬ್ರಪ್ಪ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಣ ಅಂದ.

"ಬ್ಯಾಡ. ಸುಟ್ಟ ಗಂಟಲಾ ಮತ್ತ ಸುಡ್ತದ. ಆಟೋ ಕರೀರಿ."

ಆಟೋದಲ್ಲಿ ಅಂಬ್ರಪ್ಪ ಮುರಿದ ಕೈ ಹಿಡಿದುಕೊಂಡು ಅವಳ ಕಿವಿಯ ಹತ್ತಿರ ಬಂದ. "ನೀರಂತ ತಿಳಿದು ತಾನ ಕುಡದಾನ ಅಂತ ಹೇಳು. ಹಣಿ ಜಾರಿ ಬಿದ್ದು ಒಡದದ ಅನ್ನು. ಕಾಯಿ ಹಿಡೀತಾವ ಅಂತ ಈಗ ಗೊತ್ತಾಯ್ತಲ್ಲ, ಅವನಿಗೂ ಪಾಲು ಕೊಡಾಮು. ನಾ ಜೇಲಿಗಿ ಹೋದ್ರ ನಿನಗ ಯಾರದಾರ?"

ಅವಳು ಸೀಳಿದ ಹುಬ್ಬಿಗೆ ಸೆರಗು ಒತ್ತಿ ಹಿಡಿದಳು. ಸಾಬಣ್ಣನ ತಲೆ ಅವಳ ತೊಡೆಯ ಮೇಲಿತ್ತು. ಅವನಿಗೆ ಎಲ್ಲ ಕೇಳಿಸುತ್ತಿತ್ತು, ಮಾತಾಡಲು ನಾಲಿಗೆ ಏಳುತ್ತಿರಲಿಲ್ಲ.

ದವಾಖಾನೆಯಲ್ಲಿ ಡಾಕ್ಟರು ಬಾಯೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದರು. ಜೀವಕ್ಕೆ ಅಪಾಯವಿಲ್ಲ, ದನಿ ಬರುವುದೋ ಇಲ್ಲವೋ ಹೇಳಲಾಗದು ಎಂದರು. ಹುಬ್ಬಿನ ಗಾಯ ನೋಡಿ ಪೆನ್ನು ತೆಗೆದರು.

"ಹೆಂಗಾತಮ್ಮ ಇದು? ತಾನ ಕುಡದಾನೇನು?"

ಅಂಬ್ರಪ್ಪ ಕೆಮ್ಮಿದ.

"ಇಲ್ರಿ. ನನ್ನ ಗಂಡ ಕುಡಿಸ್ಯಾರ್ರಿ, ಇಲ್ಲೇ ನಿಂತಾರ್ನೋಡ್ರಿ" ಎಂದಳು ಚಂದ್ರಕಲಾ. "ಇವ್ರ ಕೈ ಮುರದಾಕಿ ನಾನು. ಎರಡೂ ಬರ್ಕೊಳ್ರಿ."