ಸಬೀನಾಳ ವೋಟು

ನನ್ನ ಗಂಡ ಎನೋಕ್‌ಗೆ ಆಗ ಇಪ್ಪತ್ತೊಂಬತ್ತು ವರ್ಷ. ಅವನನ್ನು ‘ರೀ’ ಎಂದು ಕರೆಯುತ್ತಿದ್ದ ಇನ್ನೊಬ್ಬ ಹೆಂಡತಿ ಸಬೀನಾಳಿಗೆ ಎಪ್ಪತ್ತಮೂರು. ಅವಳ ಗಂಡ, ಆ ಹಿರಿಯ ಎನೋಕ್, ಸೀಲ್ ಬೇಟೆಗೆ ಹೋಗಿ ಸತ್ತ ತಿಂಗಳಲ್ಲೇ ಇವನು ಹುಟ್ಟಿದ, ಆ ಹೆಸರನ್ನೇ ಇವನಿಗೆ ಇಟ್ಟರು. ಸತ್ತವರ ಹೆಸರು ಪಡೆದ ಕೂಸಿಗೆ ಅವರ ನೆಂಟಸ್ತಿಕೆಯೂ ಬರುವುದು ನಮ್ಮ ಗ್ರೀನ್‌ಲ್ಯಾಂಡಿನ ರೂಢಿ. ನಾನು ಮದುವೆಯಾಗಿ ಬಂದ ದಿನ ಸಬೀನಾ ನನ್ನ ಗಲ್ಲ ಹಿಡಿದು, “ಬಾರೇ ಸವತಿ, ಇವರ ಕಾಲ್ಚೀಲ ಒಗೆಯೋದು ಇನ್ನು ನಿನ್ನ ಪಾಲು” ಎಂದಿದ್ದಳು.

ಸಾವಿರದ ಒಂಬೈನೂರ ಎಂಬತ್ತೆರಡರ ಫೆಬ್ರವರಿಯಲ್ಲಿ ಈ ಸಂಸಾರ ಕೆಟ್ಟಿತು. ಒಂಬತ್ತು ವರ್ಷದ ಹಿಂದೆ ಡೆನ್ಮಾರ್ಕಿನ ಜೊತೆಗೆ ನಮ್ಮನ್ನೂ ಯುರೋಪಿನ ಒಕ್ಕೂಟಕ್ಕೆ ಎಳೆದುಕೊಂಡಿದ್ದರು. ಇರಬೇಕೋ ಬಿಡಬೇಕೋ ಎಂದು ಈಗ ನಾವೇ ವೋಟು ಹಾಕಬೇಕಿತ್ತು. ಎನೋಕ್ ಬಿಡಬೇಕೆಂದ, ಸಬೀನಾ ಇರಬೇಕೆಂದಳು. ಮಾತು ಬೆಳೆದು, ಅವಳು ಸಿಟ್ಟಿನಿಂದ ಕೊಲ್ಲಿಯಾಚೆಯ ಮಗಳ ಮನೆಗೆ ಹೊರಟುಹೋದಳು.

ವೋಟಿನ ದಿನ ಬೆಳಿಗ್ಗೆ ಅಂಗಡಿಯ ಫೋನಿಗೆ ಅವಳ ಸುದ್ದಿ ಬಂತು: “ನಮ್ಮ ಯಜಮಾನರಿಗೆ ಹೇಳಿ, ಬಂದು ಕರ್ಕೊಂಡು ಹೋಗ್ಲಿ. ನನ್ನ ವೋಟು ಅಲ್ಲಿದೆ.”

ಅಂಗಡಿಯಲ್ಲಿದ್ದವರು ಗೊಳ್ಳೆಂದು ನಕ್ಕರು. “ಹೋಗ್ಬೇಡ ಮಾರಾಯ, ಅವರಿಗೊಂದು ವೋಟು ಕಮ್ಮಿ ಆಗ್ಲಿ” ಎಂದ ಗೆಳೆಯ ಮೋಸೆಸ್.

ಎನೋಕ್ ಕಾಫಿ ಮುಗಿಸಿದ. ಆಮೇಲೆ ಎದ್ದು ನಾಯಿಗಳನ್ನು ಜಾರುಬಂಡಿಗೆ ಕಟ್ಟಿದ. ನಾನೂ ಹತ್ತಿ ಕೂತೆ.

ವಾಪಸು ಬರುವಾಗ ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ಅವರಿಬ್ಬರ ಜಗಳ ಮತ್ತೆ ಶುರುವಾಯಿತು. ಮೊದಲು ಎನೋಕ್:

“ಹೊರಗಿನ ಹಡಗುಗಳು ನಮ್ಮ ಮೀನನ್ನೆಲ್ಲ ಬಾಚ್ಕೊಂಡ್ ಹೋಗ್ತಾವೆ. ಎಷ್ಟು ಹಿಡೀಬೇಕು ಅಂತ ಬ್ರಸೆಲ್ಸಲ್ಲಿ ಕೂತೋರು ಹೇಳ್ಬೇಕಾ?”

“ನಮ್ಮೂರಿಗೆ ನಲ್ಲಿ ನೀರಿನ ಮನೆ ಕಟ್ಟಿಸ್ಕೊಟ್ಟೋರೂ ಅವ್ರೇ ಅಲ್ವೇನ್ರೀ? ಅರವತ್ತು ವರ್ಷ ಕುಡಿಯೋ ನೀರಿಗೆ ಮಂಜುಗಡ್ಡೆ ಹೊತ್ತು ಸವೆದದ್ದು ನನ್ನ ಸೊಂಟ, ನಿಮ್ಮದಲ್ಲ!”

“ಅಲ್ಲ ಅಜ್ಜಿ, ನಾನು ಹೇಳೋದು...”

“ಅಜ್ಜಿ ಅಂತೆ! ಕೇಳಿದ್ಯೇನೇ ಸವತಿ? ಕಟ್ಕೊಂಡೋಳನ್ನ ಅಜ್ಜಿ ಅಂತಾರಂತೆ!”

ಎನೋಕ್ ಉತ್ತರ ಕೊಡಲು ಪೂರ್ತಿ ಹಿಂದಕ್ಕೆ ತಿರುಗಿದ. ಬಂಡಿ ಹಿಮದ ದಿಣ್ಣೆಗೆ ಗುದ್ದಿ ಮಗುಚಿತು. ಮೂವರೂ ಮೆತ್ತನೆಯ ಹಿಮದಲ್ಲಿ ಬಿದ್ದೆವು. ನಾಯಿಗಳು ಖಾಲಿ ಬಂಡಿ ಎಳೆದುಕೊಂಡು ಊರಿನತ್ತ ಓಡಿದವು, ಎನೋಕ್ ಬೈಯುತ್ತ ಅವುಗಳ ಹಿಂದೆ ಓಡಿದ.

“ಇಬ್ಬರು ಹೆಂಡಿರನ್ನ ಬಿಟ್ಟು ನಾಯಿ ಹಿಂದೆ ಹೋದ್ರಲ್ಲೇ!” ಎಂದು ಸಬೀನಾ ಬಿದ್ದಲ್ಲೇ ನಕ್ಕಳು. ಕಣ್ಣೀರು ರೆಪ್ಪೆಯ ಮೇಲೇ ಹೆಪ್ಪುಗಟ್ಟುವಷ್ಟು ನಕ್ಕಳು. ನನಗೂ ತಡೆಯಲಾಗಲಿಲ್ಲ. ಎಷ್ಟು ದಿನವಾಗಿತ್ತು ಅವಳ ನಗು ಕೇಳಿ!

ಎನೋಕ್ ನಾಯಿಗಳನ್ನು ಹಿಡಿದು ಬಂಡಿ ತಿರುಗಿಸಿಕೊಂಡು ಬರುವಷ್ಟರಲ್ಲಿ ಹೊತ್ತಾಗಿತ್ತು. ನಾವು ಶಾಲೆಯ ಮತಗಟ್ಟೆ ಮುಟ್ಟಿದಾಗ ಬಾಗಿಲು ಮುಚ್ಚಲು ಹತ್ತೇ ನಿಮಿಷವಿತ್ತು. ಎನೋಕ್ ಅವಳನ್ನು ಎತ್ತಿಕೊಂಡೇ ಒಳಗೆ ಹೋದ. ಎಣಿಸಿದಾಗ ನಮ್ಮೂರಲ್ಲಿ ಇರಬೇಕೆಂದವರು ಇಪ್ಪತ್ತಾರು, ಬಿಡಬೇಕೆಂದವರು ಇಪ್ಪತ್ತಾರು.

“ನೋಡಿದ್ಯಾ? ನೀನೇ ಹೊತ್ಕೊಂಡ್ ಬಂದು ನಮ್ಮ ಗೆಲುವು ಕಳೆದೆ!” ಎಂದು ಮೋಸೆಸ್ ಹಣೆ ಚಚ್ಚಿಕೊಂಡ.

“ಅವಳ ವೋಟು ಅವಳದು ಕಣೋ,” ಎಂದ ಎನೋಕ್. ನನ್ನ ವೋಟು ತನ್ನ ಕಡೆಯದೇ ಎಂದು ಅವನೂ ನಂಬಿದ್ದ, ಅವಳೂ ನಂಬಿದ್ದಳು. ನಾನು ಇಬ್ಬರಿಗೂ ಹೇಳಲಿಲ್ಲ.

ಸಣ್ಣ ಅಂತರದಲ್ಲಿ ದೇಶವು ಒಕ್ಕೂಟ ಬಿಡುವುದನ್ನೇ ಆರಿಸಿತೆಂದು ರೇಡಿಯೋ ಹೇಳಿತು. ಎನೋಕ್ ಕುಣಿದ. ಸಬೀನಾ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೆಯ ಬೆಳಿಗ್ಗೆ ನಮ್ಮ ಅಡುಗೆಮನೆಗೆ ಬಂದು, ತನ್ನ ಜಾಗದಲ್ಲಿ ಕೂತು, ಕಾಫಿಗೆ ಮೂರು ಸಕ್ಕರೆ ತುಂಡು ಹಾಕಿಕೊಂಡಳು.

“ಏನ್ರೀ, ಸಮುದ್ರದ ಮೀನೆಲ್ಲ ಇನ್ನು ನಮ್ದೇ ಅಂದ್ರಲ್ಲ? ಹಾಗಾದ್ರೆ ಏಳಿ, ಸಂಜೆ ಅಡುಗೆಗೆ ಒಂದಾದ್ರೂ ತನ್ನಿ ನೋಡೋಣ!”