ಹಳ್ಳಕ್ಕೆ ಹೊಸ ನೀರು

ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ಹಿಂಡಿ, ಚೌಡೇಶ್ವರಿ ತನ್ನ ಅಜ್ಜಿಯ ಎಡಗಣ್ಣನ್ನು ಒರೆಸಿದಳು. ಅಂಟಿದ ರೆಪ್ಪೆ ಬಿಡಲಿಲ್ಲ. ಮತ್ತೆ ಅದ್ದಿದಳು. ಬಲಗಣ್ಣು ಉಳಿದೀತು ಎಂದು ದಾವಣಗೆರೆಯ ಡಾಕ್ಟರು ಹೇಳಿದ್ದರು. ಎಡಗಣ್ಣಿನ ಬಗ್ಗೆ ಏನೂ ಹೇಳಿರಲಿಲ್ಲ.

ಶಾಮನೂರಿನ ಹಿಂದೆ ಹೊಸ ಲೇಔಟ್ ಏಳುತ್ತಿತ್ತು. ಮಳೆ ಬಂದರೆ ಅಲ್ಲಿಯ ಮಣ್ಣು, ಸಿಮೆಂಟು ಎಲ್ಲ ಮೋರಿ ಹಿಡಿದು ಹಳ್ಳಕ್ಕೆ ಇಳಿಯುತ್ತಿತ್ತು. ಅದರ ಮೇಲೆ ಕಣ್ಣಿಡಲು ಹರಿಹರದ ಗಿರೀಶ ಮೇಷ್ಟ್ರು ಊರಿನ ಏಳು ಜನರ ಗುಂಪು ಕಟ್ಟಿದ್ದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ಚೌಡೇಶ್ವರಿಯೂ ಅದರಲ್ಲಿದ್ದಳು. ಅವಳಿಗೆ ಹೇಳಿ ಮಾಡಿಸಿದ ಕೆಲಸ. ಬಾಟಲಿಗೆ ನೀರು ಹಿಡಿಯುವುದು, ನೀರು ಪರೀಕ್ಷಿಸುವ ಬಣ್ಣದ ಕಾಗದ ಅದ್ದುವುದು, ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದು. ಬಾಯಿ ಬಿಡಬೇಕಾಗಿರಲಿಲ್ಲ.

ಸೋಮವಾರ ಮೊದಲ ದೊಡ್ಡ ಮಳೆ ಬಿತ್ತು. ಅವಳು ಹೋದಾಗ ಕಾಂಕ್ರೀಟ್ ಲಾರಿಯವರು ಡ್ರಮ್ ತೊಳೆದ ನೀರನ್ನು ಮೋರಿಗೆ ಬಿಡುತ್ತಿದ್ದರು. ಕಾಗದ ಕಡುನೀಲಿಗೆ ತಿರುಗಿತು. ಸುಣ್ಣದಂತೆ ಸುಡುವ ನೀರು. ಫೋಟೋ ಹಾಕಿದಳು. ಅದರ ಕೆಳಗೆ ಆರು ಹೆಬ್ಬೆರಳು ಬಂದವು. ಅಷ್ಟೇ.

ಮನೆಗೆ ಬಂದು ಕಾಲು ತೊಳೆಯುವಾಗ ಅಜ್ಜಿ ದುರುಗಮ್ಮ ಒಳಗಿಂದ ಕೇಳಿದ್ದಳು.

"ಹಳ್ಳಕ್ಕೆ ಹೊಸ ನೀರು ಬಂತೇನೇ?"

ಇಲ್ಲ ಅನ್ನಬೇಕಾದರೆ ಲಾರಿ, ಡ್ರಮ್ಮು, ಕಾಗದ, ಎಲ್ಲ ಬಿಡಿಸಿ ಹೇಳಬೇಕಿತ್ತು. ಅಷ್ಟು ಮಾತು ಯಾರು ಆಡಬೇಕು?

"ಹ್ಞೂಂ," ಅಂದಳು.

ಮುಂಗಾರಿನ ಹೊಸ ನೀರಿಗೆ ಅರಿಶಿನ ಕುಂಕುಮ ಬಿಟ್ಟು, ಬೊಗಸೆ ತುಂಬ ಎತ್ತಿ ಕಣ್ಣಿಗೆ ಹಾಕಿಕೊಳ್ಳದೆ ದುರುಗಮ್ಮ ಒಂದು ವರ್ಷವನ್ನೂ ಕಳೆದವಳಲ್ಲ. ಚೌಡೇಶ್ವರಿ ಅದನ್ನು ಬಲ್ಲಳು. ಆದರೂ ರೊಟ್ಟಿಗೆ ಹಿಟ್ಟು ನಾದುತ್ತ ಕೂತಳು. ಮುದುಕಿ ಕುಂಕುಮದ ಭರಣಿ ಹಿಡಿದು ಹೋಗಿ ಕೂತದ್ದು ಸರಿಯಾಗಿ ಮೋರಿಯ ಬಾಯಿಯಲ್ಲಿ. ಕೂರಲು ಕಲ್ಲು ಇದ್ದದ್ದು ಅಲ್ಲೇ.

"ಅಳಬ್ಯಾಡ ಸುಮ್ನಿರು," ಎಂದಳು ದುರುಗಮ್ಮ ಈಗ. "ನಿನ್ನ ಮಕ ನೋಡಾಕೆ ಒಂದು ಕಣ್ಣು ಸಾಕು. ಎರಡು ದಂಡ."

ಮತ್ತೆ ಕೇಳಿದಳು, "ಹೊಸ ನೀರು ಹಿಂಗ್ಯಾಕ ಉರೀತು? ನೀನೂ ಹ್ಞೂಂ ಅಂದಿದ್ಯಲ್ಲ."

ಚೌಡೇಶ್ವರಿ ಹತ್ತಿಯನ್ನು ಬಟ್ಟಲಿಗೆ ಹಾಕಿ ಎದ್ದಳು. ಪಡುವಣದಲ್ಲಿ ಮತ್ತೆ ಮೋಡ ಕಟ್ಟಿತ್ತು. ಹಳ್ಳದಲ್ಲಿ ಈ ಹೊತ್ತಿಗೆ ಯಾರ ಮನೆಯ ಮುದುಕಿ ಕೂತಿರುತ್ತಾಳೋ.

ಅವಳು ಹೋದಾಗ ಲೇಔಟಿನ ಶೆಡ್ಡಿನಲ್ಲಿ ಮೇಸ್ತ್ರಿ ಬಕ್ಕೇಶ್, ಲಾರಿ ಡ್ರೈವರ್ ಅತೀಕ್ ಇಬ್ಬರೂ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದರು.

"ಬಂದ್ಲಪ್ಪ ನೀರಿನ ಡಾಕ್ಟ್ರು!" ಎಂದ ಬಕ್ಕೇಶ್. "ಇವತ್ತು ನಮ್ಮ ಮೋರಿಗೆ ಜ್ವರ ಎಷ್ಟೈತೆ ನೋಡ್ರಿ ಡಾಕ್ಟ್ರೇ."

ಅತೀಕ್ ನಕ್ಕ. ಅವಳ ಕೈಯಲ್ಲಿ ಬಾಟಲಿಯೂ ಇರಲಿಲ್ಲ, ಕಾಗದವೂ ಇರಲಿಲ್ಲ. ಇಷ್ಟು ತಿಂಗಳಲ್ಲಿ ಅವಳ ದನಿಯನ್ನು ಅವರು ಕೇಳಿದ್ದೇ ಇಲ್ಲ.

"ಅಣ್ಣಾ, ಡ್ರಮ್ ತೊಳೆದ ನೀರು ಹಳ್ಳಕ್ಕೆ ಬಿಡಬ್ಯಾಡ್ರಿ."

ಬಕ್ಕೇಶ್ ಮೆಣಸಿನಕಾಯಿಯ ತೊಟ್ಟು ಎಸೆದು ಆಕಾಶ ನೋಡಿದ. ಅತೀಕ್ ಕೈ ಒರೆಸಿಕೊಂಡು ಎದ್ದ, ಡ್ರಮ್ ತೊಳೆಯುವ ಪೈಪನ್ನು ಎಂದಿನಂತೆ ಮೋರಿಯ ಕಡೆಗೇ ಎಳೆದುಕೊಂಡು ಹೋದ.