ಹಿಂದಿನ ಸಾಲಿನವರು

ಹಾಸಿಗೆ ಹೊಲಿಯುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಹತ್ತಿ ತುಂಬಿದ ಹಾಸಿಗೆಯನ್ನು ಎರಡು ಮೇಜುಗಳ ಮೇಲೆ ಅಡ್ಡಲಾಗಿ ಇಟ್ಟು, ಒಬ್ಬರು ಮೇಲಿನಿಂದ ಉದ್ದನೆಯ ಸೂಜಿ ಚುಚ್ಚಬೇಕು. ಇನ್ನೊಬ್ಬರು ಕೆಳಗೆ ಕೂತು ಅದನ್ನು ಎಳೆದು ಮತ್ತೆ ಮೇಲಕ್ಕೆ ಕಳಿಸಬೇಕು. ಮಸೀದಿ ಬೀದಿಯ ಒಂದು ಹಾಸಿಗೆ ಅಂಗಡಿಯಲ್ಲಿ ತಾಯಿ ಮೇಲೆ, ಮಗ ಕೆಳಗೆ. ಒಂದು ಹಾಸಿಗೆ ಮುಗಿಯುವಷ್ಟರಲ್ಲಿ ಬೀದಿಯ ಸುದ್ದಿಯೆಲ್ಲ ಮುಗಿದಿರುತ್ತಿತ್ತು.

ಈಗ ಕೆಳಗಿನಿಂದ ಸೂಜಿ ಬರುತ್ತದೆ, ಮಾತು ಬರುವುದಿಲ್ಲ. ಮಗನ ಕಿವಿಯಲ್ಲಿ ಸದಾ ಇಯರ್‌ಫೋನು, ಅದರಲ್ಲಿ ಯಾರದೋ ಪ್ರವಚನ.

ಮೊದಲು ಗೆಳೆಯರನ್ನು ಬಿಟ್ಟ. ಆಮೇಲೆ ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವನ ಜೊತೆ ಮಾತು ಬಿಟ್ಟ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತವರು. "ಅವನು ನಮ್ಮ ಧರ್ಮದವನಲ್ಲ" ಎಂದ. ಕೊನೆಗೆ ಬೀದಿಯ ಮಸೀದಿಯನ್ನೂ ಬಿಟ್ಟ. "ಅಲ್ಲಿ ನಮಾಜು ಮಾಡಿಸೋ ಗುರುಗಳು ಪುಕ್ಕಲರು. ಅಂಥವರ ಹಿಂದೆ ನಿಂತ್ರೆ ನಮಾಜು ಆಗಲ್ಲ" ಎಂದ.

ತಾಯಿಗೆ ಇದು ಸರಿ ಕಾಣಲಿಲ್ಲ. ಗಂಡನ ಹತ್ತಿರ ಹೇಳಿಕೊಂಡಳು. ಅವನು ಹತ್ತಿ ಬಿಡಿಸುತ್ತಲೇ ನಕ್ಕ.

"ಅಲ್ವೇ, ಎಬ್ಬಿಸಿದ್ರೆ ಒದೀತಿದ್ದ ಮಗ ಈಗ ನಮಗಿಂತ ಮೊದಲು ಎದ್ದು ನಮಾಜು ಮಾಡ್ತಾನೆ. ಇದಕ್ಕೂ ಅಳೋದಾ? ಪೋಲಿ ತಿರುಗಿದ್ರೆ ಖುಷಿಪಡ್ತಿದ್ಯೇನು?"

ಅವಳು ಸೂಜಿಗೆ ದಾರ ಪೋಣಿಸತೊಡಗಿದಳು.

ಗುರುಗಳ ಹೆಂಡತಿ ಮಸೀದಿಯ ಹಿಂದಿನ ಕೋಣೆಯಲ್ಲಿ ಹೆಂಗಸರಿಗೆ ಪಾಠ ಹೇಳುತ್ತಿದ್ದಳು. ಎಲ್ಲರ ಬಾಯಲ್ಲೂ ಟೀಚರಮ್ಮ. ಒಂದು ದಿನ ಗಂಟುಗಟ್ಟಿದ ದಿಂಬು ಹಿಡಿದು ಅಂಗಡಿಗೆ ಬಂದಳು.

"ಮಗ ಮಸೀದಿ ಕಡೆ ಕಾಣ್ಲೇ ಇಲ್ಲ?"

"ಹುಷಾರಿಲ್ಲ ಅಕ್ಕಾ."

"ಏನಾಗಿದೆ?"

ತಾಯಿಗೆ ಸುಳ್ಳು ಮುಂದುವರಿಸಲಾಗಲಿಲ್ಲ. ಎಲ್ಲವನ್ನೂ ಹೇಳಿದಳು. ಹೇಳಿದ ಮೇಲೆ ಹೆದರಿದಳು.

"ಯಾರಿಗೂ ಹೇಳ್ಬೇಡಿ ಅಕ್ಕಾ. ಪೊಲೀಸರು ಹಿಡ್ಕೊಂಡು ಹೋಗ್ತಾರೆ. ಬೀದಿಯವರು ಬೆರಳು ತೋರಿಸ್ತಾರೆ. ಅವರಪ್ಪ ಅಂತಾರೆ, ಭಕ್ತಿ ಬಂದಿದೆ ಅಷ್ಟೇ ಅಂತ."

"ಭಕ್ತಿ ಬಂದವನು ಜನರಿಗೆ ಹತ್ತಿರ ಆಗ್ತಾನೆ. ನಿನ್ನ ಮಗ ಒಬ್ಬೊಬ್ಬರನ್ನೇ ಬಿಟ್ಟು ದೂರ ಹೋಗ್ತಿದ್ದಾನೆ. ನಮಾಜು ಜಾಸ್ತಿ ಆಯ್ತು ಅಂತ ನಾನು ಹೆದರ್ತಿಲ್ಲ."

ಟೀಚರಮ್ಮ ದಿಂಬನ್ನು ಮಡಿಲಲ್ಲಿಟ್ಟುಕೊಂಡಳು.

"ನಾವು ಮೊದಲಿದ್ದ ಊರಲ್ಲಿ ಒಬ್ಬ ತಾಯಿಗೆ ಹೀಗೇ ಅನುಮಾನ ಬಂದಿತ್ತು. ಮಾನ ಹೋಗತ್ತೆ ಅಂತ ಸುಮ್ಮನಿದ್ಲು. ಒಂದು ದಿನ ಅವಳ ಮಗ ಇಟ್ಟ ಬಾಂಬು ಸಂತೆಯಲ್ಲಿ ಸಿಡೀತು. ಸತ್ತವರಲ್ಲಿ ನಮ್ಮವರೂ ಇದ್ರು, ಬೇರೆಯವರೂ ಇದ್ರು. ನಮ್ಮ ಹೆಂಗಸರ ಮೈ ತೊಳೆದು ಕಫನ್ ಬಟ್ಟೆ ಸುತ್ತಿದವಳು ನಾನು. ಒಂದು ಹೆಣದ ಮುಷ್ಟಿಯಲ್ಲಿ ಕೊತ್ತಂಬರಿ ಸೊಪ್ಪು ಹಾಗೇ ಇತ್ತು."

ಟೀಚರಮ್ಮ ದಿಂಬಿನ ಗಂಟು ಒತ್ತುತ್ತಾ ಕೇಳಿದಳು: "ಚಿಕ್ಕವನಿದ್ದಾಗ ಮನೇಲಿ ಅವನೇ ಮುಂದೆ ನಿಂತು ನಮಾಜು ಮಾಡಿಸ್ತಿದ್ನಲ್ಲ. ತಪ್ಪಿದ್ರೆ ನೀನೇನ್ ಮಾಡ್ತಿದ್ದೆ?"

ತಾಯಿಗೆ ನಗು ಬಂದಂತಾಯಿತು. "ಆಟಕ್ಕೆ ಓಡೋ ಆತುರ ಅವನಿಗೆ. ನಡುವೆ ನಮಾಜಿನ ಒಂದು ಸುತ್ತನ್ನೇ ನುಂಗಿಬಿಡ್ತಿದ್ದ. ನಾನು ಕೈ ತಟ್ತಿದ್ದೆ."

ನಮಾಜಿನಲ್ಲಿ ಮುಂದೆ ನಿಂತವರು ತಪ್ಪಿದರೆ ಹಿಂದಿನವರು ಎಚ್ಚರಿಸಬೇಕು. ಗಂಡಸರು ದೇವರನ್ನು ಸ್ತುತಿಸಿ ದನಿ ಎತ್ತುತ್ತಾರೆ. ಹೆಂಗಸರು ಒಂದು ಕೈಯ ಹಿಂಬದಿಗೆ ಇನ್ನೊಂದು ಕೈ ತಟ್ಟುತ್ತಾರೆ.

"ಹಾಗೆ ತಟ್ಟಿದ್ದು ಮಗನಿಗೆ ಮಾಡಿದ ದ್ರೋಹ ಅನ್ನಿಸ್ತಿತ್ತಾ?"

"ಛೇ, ದ್ರೋಹ ಯಾಕಾಗತ್ತೆ? ಅದು ಹಿಂದಿನ ಸಾಲಿನವರ ಕೆಲಸ."

"ಮತ್ತೆ?" ಎಂದು ಟೀಚರಮ್ಮ ಎದ್ದಳು.

ತಾಯಿ ಆಗಲೂ "ನೋಡೋಣ" ಎಂದಳು. ಅಷ್ಟು ಸುಲಭವಿರಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಚುಚ್ಚಿದ ಸೂಜಿ ಕೆಳಗಿನಿಂದ ತಿರುಗಿ ಬರಲಿಲ್ಲ. ಬಗ್ಗಿ ನೋಡಿದಳು. ಮಗ ಅಲ್ಲಿರಲಿಲ್ಲ. ಹೆಗಲಿಗೆ ಚೀಲ ಹಾಕಿಕೊಂಡು ಬಾಗಿಲಲ್ಲಿದ್ದ.

"ಎಲ್ಲಿಗೋ?"

"ಬೇರೆ ಊರಿಗೆ. ಕೆಲಸ ಇದೆ."

"ಯಾರ ಜೊತೆ?"

"ಕೇಳ್ಬೇಡಮ್ಮ."

ಅವನ ಒಂದು ಕಾಲು ಹೊಸ್ತಿಲಾಚೆ ಹೋಗಿತ್ತು. ಕೂಗಿದರೂ ಅವನು ನಿಲ್ಲುವವನಲ್ಲ. ಕೈಯ ಹಿಂಬದಿಗೆ ಕೈ ತಟ್ಟಿದಳು. ಮತ್ತೊಮ್ಮೆ ತಟ್ಟಿದಳು.

ಮಗ ನಿಂತ. ಮನಸ್ಸಿಗಿಂತ ಮೊದಲು ಅವನ ಮೈ ನಿಂತಿತ್ತು.

"ಎಲ್ಲಿ ತಪ್ಪಿದ್ದೀಯ ಅಂತ ಹೇಳೋಕೆ ನನಗೆ ಬರಲ್ಲ ಕಣೋ. ತಪ್ಪಿದ್ದೀಯ ಅಂತ ಮಾತ್ರ ಗೊತ್ತು. ಗುರುಗಳನ್ನ ಕರೆಸ್ತೀನಿ. ಒಂದು ಸಲ ಕೂತು ಮಾತಾಡು."

ಗುರುಗಳು ಬಂದು ಹತ್ತಿಯ ಮೂಟೆಯ ಮೇಲೆ ಕೂತರು. ಬೈಯಲಿಲ್ಲ.

"ಫೋನಿನಲ್ಲಿ ನಿನಗೆ ಪಾಠ ಹೇಳೋರನ್ನ ಒಂದು ಮಾತು ಕೇಳು. ತಾಯಿಯ ಒಪ್ಪಿಗೆ ಇಲ್ಲದೆ ಹೊರಡಬಹುದಾ ಅಂತ."

ಮಗ ಬರೆದು ಕಳಿಸಿದ. ಉತ್ತರ ತಡವಾಗಲಿಲ್ಲ. ಅವನೇ ಓದಿದ: "ತಾಯಿ ಅಡ್ಡಿ. ಅವಳನ್ನು ಬಿಟ್ಟು ಬಾ. ಇನ್ನು ಪ್ರಶ್ನೆ ಕೇಳಬೇಡ."

"ನಾನು ಪುಕ್ಕಲನೇ ಇರಬಹುದು ಮಗಾ," ಎಂದರು ಗುರುಗಳು. "ಆದರೆ ನಾನು ತಪ್ಪಿದ್ರೆ ಹಿಂದೆ ನಿಂತ ಕೂಲಿಯವನೂ ನನ್ನನ್ನ ತಿದ್ದಬಹುದು. ಇವರನ್ನ ತಿದ್ದೋರು ಯಾರು?"

ಮಗ ಚೀಲ ಕೆಳಗಿಳಿಸಿದ. ಆಮೇಲೆ ಫೋನನ್ನು ಅಪ್ಪನ ಕೈಗಿಟ್ಟ. ಅಪ್ಪ ಆ ಗುಂಪಿನ ಸಂದೇಶಗಳನ್ನೆಲ್ಲ ಓದುತ್ತಾ ಹೋದ. ಈ ಸಲ ಅವನ ಬಾಯಲ್ಲಿ ತಮಾಷೆ ಇರಲಿಲ್ಲ. ಚಪ್ಪಲಿ ಮೆಟ್ಟಿಕೊಂಡ.

"ನಡಿ. ಪೊಲೀಸರಿಗೆ ನಾವೇ ಹೇಳೋಣ. ನಿನ್ನ ಜೊತೆ ನಾನಿರ್ತೀನಿ."

ಠಾಣೆಯಲ್ಲಿ ವಿಚಾರಣೆ ದಿನಗಟ್ಟಲೆ ನಡೆಯಿತು. ಹೊರಗಿನ ಬೆಂಚಿನ ಮೇಲೆ ಗುರುಗಳು ಕೂತಿರುತ್ತಿದ್ದರು, ಗಡಿಯಾರ ರಿಪೇರಿಯವನೂ ಕೂತಿರುತ್ತಿದ್ದ. ಏನೂ ಮಾಡುವ ಮೊದಲೇ ತಾನಾಗಿ ಬಂದವನೆಂದು ಕೊನೆಗೆ ಮಗನನ್ನು ಮನೆಗೆ ಕಳಿಸಿದರು.

ಆ ಫೋನಿನ ಗುಂಪಿನಲ್ಲಿ ಇನ್ನಿಬ್ಬರು ಹುಡುಗರಿದ್ದರು. ಒಬ್ಬ ಬಸ್ ನಿಲ್ದಾಣದಲ್ಲಿ ಪೊಲೀಸರಿಗೆ ಸಿಕ್ಕಿದ. ಇನ್ನೊಬ್ಬ ಅಷ್ಟರಲ್ಲಿ ಹೊರಟುಹೋಗಿದ್ದ. ಎಲ್ಲಿದ್ದಾನೋ ತಿಳಿಯದು. ಅವನಿಗೂ ಒಬ್ಬ ತಾಯಿ ಇದ್ದಾಳೆ.

ಅಂಗಡಿಯಲ್ಲಿ ಈಗ ಸೂಜಿಯ ಜೊತೆ ಒಂದೊಂದು ಮಾತೂ ಮೇಲೆ ಬರುತ್ತದೆ. ಎಲ್ಲ ಮಾತೂ ಇನ್ನೂ ಬಂದಿಲ್ಲ.

ಅಕ್ಕ, ಅಣ್ಣ, ಇದನ್ನು ಓದಿದ ಮೇಲೆ ನಿಮ್ಮ ಮನೆಯ ಮಕ್ಕಳನ್ನೊಮ್ಮೆ ನೋಡಿ. ಯಾರಾದರೂ ತಮ್ಮವರನ್ನೆಲ್ಲ ಬಿಡುತ್ತಿದ್ದರೆ, ಮುಖ ಕಾಣದ ದನಿಯನ್ನೇ ನಂಬಿ ಬೇರೆಯವರನ್ನು ದ್ವೇಷಿಸಲು ಕಲಿಯುತ್ತಿದ್ದರೆ, ಎಲ್ಲ ಖಚಿತವಾಗಲಿ ಎಂದು ಕಾಯಬೇಡಿ. ಪಕ್ಕದಲ್ಲಿ ಕೂತು ಮಾತಾಡಿಸಿ. ನೀವು ನಂಬುವ ಗುರುಗಳಿಗೆ, ಹಿರಿಯರಿಗೆ ಹೇಳಿ. ಯಾರದೇ ಜೀವಕ್ಕೆ ಅಪಾಯವೆನಿಸಿದರೆ ತಡಮಾಡದೆ ಪೊಲೀಸರಿಗೆ ತಿಳಿಸಿ. ಅದು ದ್ರೋಹವಲ್ಲ. ನೀವು ಹಿಂದಿನ ಸಾಲಿನಲ್ಲಿದ್ದೀರಿ. ಅವನ ಕಾಲು ಹೊಸ್ತಿಲು ದಾಟುವ ಮೊದಲು ಕೈ ತಟ್ಟಿ.